ಕಾದು ಮುಗಿಸಿದ ಆಟ

ಆಡಿ ಮುಗಿಸಿದ ವೀಡಿಯೊ ಗೇಮ್‌ಗಳು ನನ್ನ ಲೆಕ್ಕದಲ್ಲಿ ಕಡಿಮೆ. ಕಾದು ಮುಗಿಸಿದವು ಮಾತ್ರ ಬೇಕಾದಷ್ಟಿವೆ. ಟ್ರೇಲರ್ ಬಿಟ್ಟ ದಿನದಿಂದ ಆಟ ಕೈಗೆ ಬರುವ ದಿನದವರೆಗಿನ ಆ ಕಾಲ ಇದೆಯಲ್ಲ, ಅದರಷ್ಟು ನಿರಾಳವಾದ ಆಟ ಇನ್ನೊಂದಿಲ್ಲ. ಅದು ಹ್ಯಾಂಗ್ ಆಗುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಸಾಲದು ಎಂದು ತಕರಾರು ತೆಗೆಯುವುದಿಲ್ಲ. ಅದರಲ್ಲಿ ಯಾರೂ ಸಾಯುವುದಿಲ್ಲ, ಹಾಗಾಗಿ ಮತ್ತೆ ಮೊದಲಿಂದ ಶುರು ಮಾಡುವ ಕರ್ಮವೂ ಇಲ್ಲ. ಹೀಗೆ ನಾನು ಕಾದವುಗಳಲ್ಲೆಲ್ಲ ದೊಡ್ಡದು, ಎಲ್ಲ ಅರ್ಥದಲ್ಲೂ ದೊಡ್ಡದು, 'ನೋ ಮ್ಯಾನ್ಸ್ ಸ್ಕೈ'.

2013ರ ಡಿಸೆಂಬರ್ 7ರಂದು ಅಮೆರಿಕದ ವಿಜಿಎಕ್ಸ್ ಎಂಬ ವೀಡಿಯೊ ಗೇಮ್ ಪ್ರಶಸ್ತಿ ಸಮಾರಂಭದಲ್ಲಿ ಅದರ ಮೊದಲ ತುಣುಕು ತೋರಿಸಿದರು. ಮಾಡುತ್ತಿದ್ದದ್ದು ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಎಂಬ ಊರಿನ ಹಲೋ ಗೇಮ್ಸ್. ಅದಕ್ಕೆ ಮುಂಚೆ ಅವರ ಹೆಸರಿಗಿದ್ದದ್ದು ಮೋಟರ್‌ಬೈಕಿನಲ್ಲಿ ಹಾರಿ ಬೀಳುವ 'ಜೋ ಡೇಂಜರ್' ಎಂಬ ತಮಾಷೆಯ ಆಟ. ಈ ಹೊಸದರ ಹಿಂದೆ ಆಗ ಇದ್ದವರು ನಾಲ್ಕೇ ಜನ. ತುಣುಕು ಶುರುವಾಗುವುದು ಸಮುದ್ರದೊಳಗೆ, ಮೀನುಗಳ ನಡುವೆ. ಆಟಗಾರ ನೀರಿನಿಂದ ಮೇಲೆದ್ದು ಬರುತ್ತಾನೆ, ನೌಕೆ ಹತ್ತುತ್ತಾನೆ, ನೇರ ಮೇಲಕ್ಕೆ ಹಾರುತ್ತಾನೆ, ಆಕಾಶ ಕಪ್ಪಾಗಿ ನಕ್ಷತ್ರಗಳು ಬರುತ್ತವೆ. ನಡುವೆ ಎಲ್ಲೂ 'ಲೋಡಿಂಗ್' ಎಂಬ ಚಕ್ರ ತಿರುಗಲಿಲ್ಲ. ನನ್ನಂಥವರಿಗೆ ಅಷ್ಟು ಸಾಕಾಯಿತು. ಅದೇ ತಿಂಗಳು 24ರಂದು ನೆರೆ ಬಂದು ಅವರ ಆಫೀಸು ಮುಳುಗಿ, ಸಾಮಾನೆಲ್ಲ ಹಾಳಾಯಿತು ಎಂಬ ಸುದ್ದಿ ಬಂತು. ಕಂಡು ಕೇಳರಿಯದ ನಾಲ್ಕು ಜನರ ಬಗ್ಗೆ ನೆಂಟರ ಮನೆಗೆ ನೀರು ನುಗ್ಗಿದಷ್ಟು ಸಂಕಟಪಟ್ಟೆ.

ಆಮೇಲೆ ಆ ಸಂಖ್ಯೆ ಹೊರಬಿತ್ತು. ಆಟದಲ್ಲಿರುವ ಗ್ರಹಗಳು 1,84,46,74,40,73,70,95,51,616. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಒಂದು ಲಕ್ಷ ಎಂಬತ್ತನಾಲ್ಕು ಸಾವಿರ ಕೋಟಿ ಕೋಟಿ. ಒಂದೊಂದು ಗ್ರಹದಲ್ಲಿ ಒಂದೇ ಸೆಕೆಂಡು ನಿಂತರೂ ಎಲ್ಲ ಮುಗಿಸಲು 58,000 ಕೋಟಿ ವರ್ಷ ದಾಟುತ್ತದೆ. ನಿಜವಾದ ವಿಶ್ವಕ್ಕೇ ಈಗ ವಯಸ್ಸು 1,380 ಕೋಟಿ ವರ್ಷ. ಚದುರಂಗದ ಮನೆಗಳಲ್ಲಿ ಒಂದು ಕಾಳು, ಎರಡು, ನಾಲ್ಕು ಎಂದು ಇಮ್ಮಡಿಸುತ್ತ ಹೋಗಿ ರಾಜನನ್ನು ದಿವಾಳಿ ಎಬ್ಬಿಸಿದ ಜಾಣನ ಕತೆ ಎಲ್ಲರಿಗೂ ಗೊತ್ತು. ಅರವತ್ತನಾಲ್ಕೂ ಮನೆಯ ಕಾಳು ಕೂಡಿಸಿದರೆ ಬರುವ ಮೊತ್ತ ಈ ಗ್ರಹಗಳ ಸಂಖ್ಯೆಗಿಂತ ಸರಿಯಾಗಿ ಒಂದು ಕಡಿಮೆ. ಎರಡನ್ನು ಅರವತ್ತನಾಲ್ಕು ಸಲ ಗುಣಿಸಿದರೆ ಸಿಗುವ ಸಂಖ್ಯೆಯೇ ಅದು. ಕಂಪ್ಯೂಟರ್ 64 ಬಿಟ್‌ಗಳಲ್ಲಿ ಅಷ್ಟು ಬೇರೆ ಬೇರೆ ಸಂಖ್ಯೆಗಳನ್ನು ಬರೆದುಕೊಳ್ಳಬಲ್ಲದು. ರಾಜ ಕಾಳು ಕೊಡಲಾರದೆ ಸೋತ, ಗಿಲ್ಡ್‌ಫರ್ಡಿನವರು ಗ್ರಹ ಕೊಡುತ್ತೇವೆ ಎಂದು ಕೂತರು.

ಅಷ್ಟನ್ನು ಎಲ್ಲಿಡುತ್ತಾರೆ? ಎಲ್ಲೂ ಇಡುವುದಿಲ್ಲ, ಅದೇ ಚಮತ್ಕಾರ. ಹದಿನೈದು ಚುಕ್ಕಿ, ಸಂದಿನಲ್ಲಿ ಎಂಟರವರೆಗೆ ಎಂದು ಹೇಳಿ, ಎಳೆ ಸೇರಿಸುವ ಕ್ರಮ ಕೊಟ್ಟರೆ ಸಾಕು, ಯಾವ ಊರಿನ ಯಾವ ಅಂಗಳದಲ್ಲಿ ಯಾರು ಹಾಕಿದರೂ ಅದೇ ರಂಗೋಲಿ ಮೂಡುತ್ತದೆ. ರಂಗೋಲಿಯನ್ನು ಯಾರೂ ಬೀರುವಿನಲ್ಲಿ ಮಡಿಸಿಡುವುದಿಲ್ಲ. ಇಲ್ಲಿಯೂ ಹಾಗೆಯೇ: 'ಸೀಡ್' ಎಂಬ ಒಂದು ಸಂಖ್ಯೆ, ಒಂದಿಷ್ಟು ಸೂತ್ರ. ನೀವು ಹತ್ತಿರ ಹೋದಾಗ ಗುಡ್ಡ, ಗಿಡ, ಪ್ರಾಣಿ ಎಲ್ಲ ಲೆಕ್ಕದಿಂದ ಎದ್ದು ನಿಲ್ಲುತ್ತವೆ, ಹೊರಟರೆ ಅಳಿಸಿಹೋಗುತ್ತವೆ, ಮತ್ತೆ ಬಂದರೆ ಅದೇ ಗುಡ್ಡ ಅದೇ ಜಾಗದಲ್ಲಿ. ಇದು ಹೊಸ ಉಪಾಯವೇನಲ್ಲ. 1984ರಲ್ಲೇ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಎಂಬಿಬ್ಬರು 32 ಕೆಬಿ ಮೆಮೊರಿಯ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರಿನಲ್ಲಿ ಎಂಟು ಗ್ಯಾಲಕ್ಸಿ, ಒಂದೊಂದಕ್ಕೆ 256 ನಕ್ಷತ್ರಮಂಡಲ ತುರುಕಿ 'ಎಲೀಟ್' ಆಟ ಮಾಡಿದ್ದರು. ಇವತ್ತು ವಾಟ್ಸ್ಯಾಪಿನಲ್ಲಿ ಬರುವ ಗುಡ್ ಮಾರ್ನಿಂಗ್ ಚಿತ್ರಕ್ಕೂ ಅದಕ್ಕಿಂತ ಹೆಚ್ಚು ಜಾಗ ಬೇಕು.

ನಾನು ರಾತ್ರಿ ಕೂತು ಆ ಟ್ರೇಲರ್‌ಗಳನ್ನೇ ಮತ್ತೆ ಮತ್ತೆ ನೋಡುತ್ತಿದ್ದಾಗ ಅಮ್ಮ ಒಮ್ಮೆ ಹಿಂದೆ ಬಂದು ನಿಂತರು.

"ಅಷ್ಟೊಂದು ಊರಿದೆಯಾ ಅಲ್ಲಿ?"

"ಊರಲ್ಲಮ್ಮ, ಗ್ರಹ. ಹೆಚ್ಚಿನವಕ್ಕೆ ಇದುವರೆಗೂ ಯಾರೂ ಕಾಲಿಟ್ಟೇ ಇರಲ್ಲ."

"ಯಾರೂ ಇಲ್ದಿದ್ರೆ ಮತ್ತೆ ಯಾರನ್ನ ನೋಡೋಕೆ ಹೊರಟಿದ್ದೀಯ?"

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಎಲ್ಲರಲ್ಲೂ ಒಂದೊಂದಿತ್ತು, ಒಬ್ಬರದ್ದು ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. ಒಬ್ಬ ಸ್ನೇಹಿತನಿಗೆ ಅದು ಕಡಲ್ಗಳ್ಳರ ಆಟ. ಇನ್ನೊಬ್ಬನಿಗೆ ವ್ಯಾಪಾರ: ಅಗ್ಗಕ್ಕೆ ಕೊಳ್ಳುವುದು, ಮುಂದಿನ ನಕ್ಷತ್ರದಲ್ಲಿ ಮಾರುವುದು. ನನಗೆ ಯಾರೂ ನೋಡದ ಒಂದು ಕಣಿವೆಗೆ ಮೊದಲು ಹೋಗಿ ಅದಕ್ಕೊಂದು ಹೆಸರಿಡಬೇಕಿತ್ತು. ಮಾಡುತ್ತಿದ್ದವರು ತೋರಿಸಿದ್ದು ಕೆಲವೇ ನಿಮಿಷ; ಉಳಿದದ್ದನ್ನು ನಾವೇ ತುಂಬಿಕೊಂಡೆವು. 2014ರ ಇ3 ಮೇಳದಲ್ಲಿ ಕಾಡಿನಲ್ಲಿ ನಡೆದುಹೋಗುವ ಉದ್ದ ಕತ್ತಿನ ದೈತ್ಯ ಪ್ರಾಣಿಗಳನ್ನು ತೋರಿಸಿದರು. ಮರುದಿನ ಬೆಳಗ್ಗೆ ಅವುಗಳ ಮೇಲೆ ಕೂತು ಸವಾರಿ ಮಾಡಬಹುದೇ ಎಂಬ ಚರ್ಚೆ ನಮ್ಮಲ್ಲಿ ಮುಗಿದೇ ಹೋಗಿತ್ತು: ಮಾಡಬಹುದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದಷ್ಟೇ ಅಲ್ಲ, ಕೂಸನ್ನು ಯಾವ ಕಾಲೇಜಿಗೆ ಸೇರಿಸುವುದೆಂದೂ ತೀರ್ಮಾನಿಸಿದ್ದೆವು.

ತಂಡದ ಮುಖ್ಯಸ್ಥ ಶಾನ್ ಮರ್ರೆ ಸಂಕೋಚದ ಮನುಷ್ಯ. 'ಇದು ಆಗುತ್ತಾ?' ಎಂದರೆ ನಗುತ್ತಿದ್ದರು, 'ಅದು?' ಎಂದರೆ ಇನ್ನಷ್ಟು ನಗುತ್ತಿದ್ದರು. ಸಂದರ್ಶನಗಳಲ್ಲಿ ಆ ನಗು ನೋಡಿದಾಗಲೆಲ್ಲ 'ಇಲ್ಲಪ್ಪ, ಅದಾಗಲ್ಲ' ಎಂದುಬಿಡು ಮಾರಾಯ ಎಂದು ಈಗ ಅನ್ನಿಸುತ್ತದೆ. ಆಗ ಹಾಗಂದಿದ್ದರೆ ಬೈದವರಲ್ಲಿ ನಾನೂ ಇರುತ್ತಿದ್ದೆ. ನಡುವೆ ಬ್ರಿಟನ್ನಿನ ಸ್ಕೈ ಟಿವಿ ಕಂಪನಿ, 'ಸ್ಕೈ' ನಮ್ಮದು ಎಂದು ತಗಾದೆ ತೆಗೆದು ಮೂರು ವರ್ಷ ಎಳೆಯಿತು. ಆಕಾಶ ಯಾರಪ್ಪನ ಸೊತ್ತು ಎಂದು ನಮ್ಮ ಕಡೆ ಕೇಳುತ್ತಾರೆ. ಅಲ್ಲಿ ವಕೀಲರನ್ನಿಟ್ಟು ಕೇಳಿದರು. 2016ರ ಜೂನ್‌ನಲ್ಲಿ ರಾಜಿಯಾಯಿತು.

ಅದೇ ಜೂನ್ 21ಕ್ಕೆ ಬರಬೇಕಿದ್ದ ಆಟ ಏಳು ವಾರ ಮುಂದೆ ಹೋಗಿ ಆಗಸ್ಟ್ 9ಕ್ಕೆ ನಿಂತಿತು. ತಡವಾಗುತ್ತದಂತೆ ಎಂದು ಮೊದಲು ಬರೆದ ಪತ್ರಕರ್ತನಿಗೆ ಕೊಲೆ ಬೆದರಿಕೆ ಬಂತು. ಸುದ್ದಿ ನಿಜ ಎಂದಾದ ಮೇಲೆ ಬೆದರಿಕೆ ಮರ್ರೆಯ ಕಡೆ ತಿರುಗಿತು. ಏಳು ವಾರಕ್ಕೆ! ಬೆಂಗಳೂರಿನಲ್ಲಿ ಅಷ್ಟು ಹೊತ್ತಿನಲ್ಲಿ ಅಗೆದ ರಸ್ತೆ ಮುಚ್ಚುವುದಿಲ್ಲ. ಇನ್ನೊಬ್ಬ ಪುಣ್ಯಾತ್ಮ ಸಾವಿರಕ್ಕೂ ಹೆಚ್ಚು ಡಾಲರ್ ಸುರಿದು ಮುಂಚೆಯೇ ಒಂದು ಪ್ರತಿ ಸಂಪಾದಿಸಿ, ಮೂವತ್ತು ಗಂಟೆಯ ಆಸುಪಾಸಿನಲ್ಲಿ ಗ್ಯಾಲಕ್ಸಿಯ ಕೇಂದ್ರ ತಲುಪಿಬಿಟ್ಟ. ನಾವೆಲ್ಲ ವರ್ಷಗಟ್ಟಲೆ ಊಹಿಸಿಕೊಂಡಿದ್ದ ಆ ಕೇಂದ್ರದಲ್ಲಿದ್ದದ್ದು ಇಷ್ಟೇ: ಇನ್ನೊಂದು ಗ್ಯಾಲಕ್ಸಿಗೆ ದಾರಿ, ಮತ್ತೆ ಮೊದಲಿಂದ ಶುರು.

ಬಿಡುಗಡೆಯ ದಿನ ನಡೆದದ್ದನ್ನು ನೆನೆದರೆ ಈಗಲೂ ನಗು, ಪಾಪ ಎರಡೂ ಬರುತ್ತದೆ. ಇಬ್ಬರು ಆಟಗಾರರು ಅಷ್ಟು ಕೋಟಿ ಕೋಟಿ ಗ್ರಹಗಳಲ್ಲಿ ಒಂದೇ ಗ್ರಹ ಸೇರಿದರು. ಒಂದೇ ಕಟ್ಟಡದ ಒಂದೇ ಜಾಗದಲ್ಲಿ ನಿಂತರು. ಇಬ್ಬರ ಪರದೆಯಲ್ಲೂ ಜಾಗ ಖಾಲಿ. ಎದುರು ಬದುರಾಗಬಹುದು, ಆದರೆ ಸಂಭವ ತೀರ ಕಡಿಮೆ ಎಂದಿದ್ದರು ಮರ್ರೆ. ಆ ತೀರ ಕಡಿಮೆ ಸಂಭವ ಮೊದಲ ದಿನವೇ ಒದಗಿ ಬಂದಾಗ, ತೋರಿಸಲು ಆಟದೊಳಗೆ ಏನೂ ಇರಲಿಲ್ಲ. ಜನ ರೊಚ್ಚಿಗೆದ್ದರು, ಹಣ ವಾಪಸ್ ಕೇಳಿದರು, ದೂರು ಬ್ರಿಟನ್ನಿನ ಜಾಹೀರಾತು ಪ್ರಾಧಿಕಾರದವರೆಗೂ ಹೋಗಿ ಕೊನೆಗೆ ಬಿದ್ದುಹೋಯಿತು. ನನ್ನ ಮೊದಲ ಗ್ರಹದಲ್ಲಿ ವಿಷದ ಮಳೆ ಸುರಿಯುತ್ತಿತ್ತು. ನೌಕೆ ಕೆಟ್ಟಿತ್ತು. ಕಲ್ಲು ಒಡೆದೆ, ಚೀಲ ತುಂಬಿತು ಎಂದಿತು ಆಟ, ಒಡೆದ ಕಲ್ಲನ್ನು ಅಲ್ಲೇ ಬಿಸಾಡಿ ಬೇರೆ ಕಲ್ಲು ಒಡೆದೆ. "ಕಲ್ಲು ಒಡೆಯೋಕೆ ಇಷ್ಟು ದುಡ್ಡು ಕೊಟ್ಯಾ?" ಎಂದರು ಅಮ್ಮ.

ಹಲೋ ಗೇಮ್ಸ್‌ನವರು ಆಮೇಲೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದರು. ನನ್ನ ದೃಷ್ಟಿಯಲ್ಲಿ ಅವರು ಮಾಡಿದ ಅತ್ಯುತ್ತಮ ಪ್ರಚಾರ ಅದು. 2016ರ ನವೆಂಬರ್‌ನಿಂದ ಒಂದರ ಹಿಂದೊಂದು ದೊಡ್ಡ ಅಪ್‌ಡೇಟ್, ಎಲ್ಲ ಬಿಟ್ಟಿ. 2018ರ ಜುಲೈನಲ್ಲಿ 'ನೆಕ್ಸ್ಟ್' ಬಂದ ಮೇಲೆ ಆಟಗಾರರು ಒಬ್ಬರಿಗೊಬ್ಬರು ಸರಿಯಾಗಿ ಕಂಡರು. ಬೈದವರೇ 2019ರಲ್ಲಿ ಚಂದಾ ಎತ್ತಿ, ಸ್ಟುಡಿಯೋ ಹತ್ತಿರ ಥ್ಯಾಂಕ್ಸ್ ಎಂದು ದೊಡ್ಡ ಬೋರ್ಡು ಹಾಕಿಸಿದರು. ಮರ್ರೆ ಈಗ ಹೊಸದೇನಾದರೂ ಬರುವ ಮುಂಚೆ ಒಂದೇ ಒಂದು ಇಮೋಜಿ ಹಾಕಿ ಸುಮ್ಮನಾಗುತ್ತಾರೆ. ಅದರ ಅರ್ಥವೇನೆಂದು ಜನ ಪಂಚಾಂಗ ಬಿಡಿಸಿ ಕೂರುತ್ತಾರೆ. ಕಾಯುವ ಗೀಳು ಹೋಗುವಂಥದ್ದಲ್ಲ.

2023ರ ಡಿಸೆಂಬರ್ 7ರಂದು, ಮೊದಲ ಟ್ರೇಲರ್ ಬಂದು ಸರಿಯಾಗಿ ಹತ್ತು ವರ್ಷಕ್ಕೆ, ಅವರೇ 'ಲೈಟ್ ನೋ ಫೈರ್' ಎಂಬ ಹೊಸ ಆಟ ತೋರಿಸಿದರು. ಈ ಸಲ ಕೋಟಿ ಕೋಟಿ ಇಲ್ಲ, ಒಂದೇ ಗ್ರಹ, ಆದರೆ ಭೂಮಿಯಷ್ಟು ದೊಡ್ಡದು. ಎವರೆಸ್ಟಿಗಿಂತ ಎತ್ತರದ ಬೆಟ್ಟಗಳಂತೆ, ಹತ್ತಬಹುದಂತೆ. ತಾರೀಖು ಹೇಳಲಿಲ್ಲ; ಅಷ್ಟು ಬುದ್ಧಿ ಬಂದಿದೆ. ತಮ್ಮನ ಮಗ ಟ್ರೇಲರನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ದೂರದಲ್ಲಿ ಹಾರುವ ಡ್ರ್ಯಾಗನ್ ನನ್ನದು ಎಂದು ಗುರುತು ಹಾಕಿಟ್ಟಿದ್ದಾನೆ.

"ದೊಡ್ಡಪ್ಪ, ಇದ್ರಲ್ಲಿ ಎಲ್ಲಾರೂ ಒಂದೇ ಗ್ರಹದಲ್ಲಿ ಇರ್ತಾರಂತೆ. ನೀವು ಎಲ್ಲಿದ್ರೂ ನಾನು ಬಂದು ಹುಡುಕ್ತೀನಿ."

"ಬಾ. ಸಿಕ್ಕಿದಾಗ ಕಾಣಿಸ್ತೀನಾ ಅಂತ ಮೊದಲು ಅವ್ರನ್ನ ಕೇಳು."