ನನಗೆ ಅದು ಸಿಯರ್ಸ್ ಟವರೇ

ಶಿಕಾಗೊದ ಆ 110 ಮಹಡಿಯ ಕಪ್ಪು ಕಟ್ಟಡಕ್ಕೆ 2009ರಿಂದ ವಿಲ್ಲಿಸ್ ಟವರ್ ಅಂತ ಹೆಸರು. ನಾನು ಮಾತ್ರ ಸಿಯರ್ಸ್ ಟವರ್ ಅಂತಲೇ ಹೇಳುತ್ತೇನೆ. ಊರಿಂದ ಬಂದ ನೆಂಟರಿಗೂ ಹಾಗೇ, ಆಫೀಸಿನಲ್ಲೂ ಹಾಗೇ. ಬೇಕು ಅಂತಲೇ ಹೇಳುತ್ತೇನೆ. ಒಂದು ಊರಿನ ದೊಡ್ಡ ಕಟ್ಟಡಕ್ಕೆ ಯಾರು ಹೆಸರಿಡಬೇಕು, ಇಟ್ಟ ಹೆಸರನ್ನು ಯಾರು ತೆಗೆಯಬಹುದು ಅನ್ನುವುದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಬರಹ ಸ್ವಲ್ಪ ಉದ್ದ ಆಗುತ್ತದೆ, ಬಿಡುವು ಮಾಡಿಕೊಂಡು ಓದಿ.

ಈಗಿನ ಹುಡುಗರಿಗೆ ಸಿಯರ್ಸ್ ಅಂದರೆ ಏನು ಅಂತಲೇ ಗೊತ್ತಿರುವುದಿಲ್ಲ. ಒಂದು ಕಾಲಕ್ಕೆ ಅಮೆರಿಕದ ಮೂಲೆಮೂಲೆಯ ಹಳ್ಳಿಗೂ ಅವರ ಕ್ಯಾಟಲಾಗ್ ಅಂಚೆಯಲ್ಲಿ ಬರುತ್ತಿತ್ತು. ಗಡಿಯಾರ, ಹೊಲಿಗೆ ಮಷೀನು, ಬಟ್ಟೆ, ಹೊಲದ ಸಾಮಾನು, ಏನು ಬೇಕಾದರೂ ಅದರಲ್ಲಿತ್ತು. 1908ರಿಂದ 1940ರವರೆಗೆ ಮನೆಗಳನ್ನೂ ಮಾರಿದರು. ಅಳತೆಗೆ ಕೊಯ್ದ ಮರ, ಮೊಳೆ, ನಕ್ಷೆ ಎಲ್ಲವೂ ರೈಲಿನಲ್ಲಿ ಬರುತ್ತಿತ್ತು, ಕೊಂಡವರು ಕಟ್ಟಿಕೊಳ್ಳುತ್ತಿದ್ದರು. 1960ರ ದಶಕ ಮುಗಿಯುವ ಹೊತ್ತಿಗೆ ಸಿಯರ್ಸ್ ಜಗತ್ತಿನ ಅತಿ ದೊಡ್ಡ ಚಿಲ್ಲರೆ ವ್ಯಾಪಾರದ ಕಂಪನಿ. ಸುಮಾರು ಮೂರೂವರೆ ಲಕ್ಷ ಜನ ಅಲ್ಲಿ ಕೆಲಸ ಮಾಡುತ್ತಿದ್ದರು. ಶಿಕಾಗೊದಲ್ಲಿ ಚದುರಿಹೋಗಿದ್ದ ತಮ್ಮ ಆಫೀಸುಗಳನ್ನೆಲ್ಲ ಒಂದೇ ಕಡೆ ತರಬೇಕು ಅಂತ ಈ ಕಟ್ಟಡಕ್ಕೆ ಕೈಹಾಕಿದರು. ಸದ್ಯಕ್ಕೆ ಬೇಡದ ಮಹಡಿಗಳನ್ನು ಬಾಡಿಗೆಗೆ ಕೊಡೋಣ, ನಾವು ಬೆಳೆದಂತೆ ಒಂದೊಂದೇ ವಾಪಸ್ ತಗೊಳ್ಳೋಣ ಅನ್ನುವುದು ಅವರ ಲೆಕ್ಕ.

ಇಲ್ಲಿ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಈ ಕಟ್ಟಡ ನಿಂತಿರುವ ಜಾಗದ ನಡುವೆ ಕ್ವಿನ್ಸಿ ಸ್ಟ್ರೀಟ್ ಅನ್ನುವ ರಸ್ತೆ ಹಾದುಹೋಗುತ್ತಿತ್ತು. ಸಾರ್ವಜನಿಕ ರಸ್ತೆ. ಜಾಗ ಸಾಲದು ಅಂತ ಕಂಪನಿ ಕೇಳಿಕೊಂಡಿತು, ನಗರಾಡಳಿತ ಆ ಒಂದು ಬ್ಲಾಕ್ ರಸ್ತೆಯನ್ನು ಮುಚ್ಚಿ, ಹಣ ಪಡೆದು, ಬಿಟ್ಟುಕೊಟ್ಟಿತು. ಅಂದರೆ ಈ ಕಟ್ಟಡದ ಅಡಿಯಲ್ಲಿ ಊರಿನ ಒಂದು ರಸ್ತೆ ಇದೆ. "ಖಾಸಗಿ ಆಸ್ತಿ, ಮಾಲೀಕರು ಏನು ಬೇಕಾದರೂ ಹೆಸರಿಟ್ಟುಕೊಳ್ಳಲಿ ಬಿಡಿ" ಅಂತ ಯಾರಾದರೂ ಹೇಳಿದಾಗ ನನಗೆ ಮೊದಲು ನೆನಪಾಗುವುದು ಆ ರಸ್ತೆ.

ಕೆಲಸ 1970ರಲ್ಲಿ ಶುರುವಾಯಿತು. 1973ರ ಮೇ ತಿಂಗಳಲ್ಲಿ ಕೊನೆಯ ಉಕ್ಕಿನ ತೊಲೆ ಮೇಲೇರಿತು. ಏರಿಸುವ ಮೊದಲು ಆ ತೊಲೆಯ ಮೇಲೆ ಸಾವಿರಾರು ಜನ ಸಹಿ ಹಾಕಿದ್ದರು. ಕಟ್ಟಿದ ಕೆಲಸಗಾರರು, ಸಿಯರ್ಸ್ ನೌಕರರು, ಊರಿನ ಜನ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹಿರಿಯರ ತಂದೆ ಆ ಉಕ್ಕಿನ ಕೆಲಸದಲ್ಲಿ ಇದ್ದವರು. ಭಾನುವಾರ ಮಕ್ಕಳನ್ನೆಲ್ಲ ಕಾರಿನಲ್ಲಿ ಕೂರಿಸಿಕೊಂಡು ಬಂದು, ದೂರದಲ್ಲಿ ನಿಲ್ಲಿಸಿ, ಈ ವಾರ ಎಲ್ಲಿಗೆ ಬಂತು ನೋಡಿ ಅಂತ ಬೆರಳು ಮಾಡಿ ತೋರಿಸುತ್ತಿದ್ದರಂತೆ. ಆ ಹಿರಿಯರ ಬಾಯಲ್ಲಿ ವಿಲ್ಲಿಸ್ ಅನ್ನುವ ಹೆಸರು ನಾನು ಒಮ್ಮೆಯೂ ಕೇಳಿಲ್ಲ.

442 ಮೀಟರ್, ಅಂದರೆ 1,450 ಅಡಿ. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರನ್ನು ಹಿಂದೆ ಹಾಕಿ ಜಗತ್ತಿನ ಅತಿ ಎತ್ತರದ ಕಟ್ಟಡ ಆಯಿತು. 1998ರಲ್ಲಿ ಕೌಲಾಲಂಪುರದ ಪೆಟ್ರೋನಾಸ್ ಬರುವವರೆಗೆ ಆ ಪಟ್ಟ ಇದರದ್ದೇ.

ಇದನ್ನು ನಿಲ್ಲಿಸಿದ ಮನುಷ್ಯನ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಫಜ್ಲುರ್ ರಹಮಾನ್ ಖಾನ್. 1929ರಲ್ಲಿ ಢಾಕಾದಲ್ಲಿ ಹುಟ್ಟಿದವರು. 1952ರಲ್ಲಿ ವಿದ್ಯಾರ್ಥಿವೇತನದ ಮೇಲೆ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಬಂದು, ಮೂರೇ ವರ್ಷದಲ್ಲಿ ಎರಡು ಸ್ನಾತಕೋತ್ತರ ಪದವಿ, ಒಂದು ಡಾಕ್ಟರೇಟ್ ಮುಗಿಸಿದರು. ಶಿಕಾಗೊದ ಎಸ್‌ಒಎಂ ಅನ್ನುವ ಕಟ್ಟಡ ವಿನ್ಯಾಸದ ಸಂಸ್ಥೆಯಲ್ಲಿ ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ ಮತ್ತು ಖಾನ್ ಜೋಡಿ. ಗ್ರಹಾಂ ರೂಪ ಕೊಟ್ಟರೆ ಖಾನ್ ಅದನ್ನು ಗಾಳಿಗೆ ಬಗ್ಗದಂತೆ ನಿಲ್ಲಿಸುತ್ತಿದ್ದರು. ಇಷ್ಟು ಎತ್ತರದಲ್ಲಿ ಇಂಜಿನಿಯರನ್ನು ಕಾಡುವುದು ಭಾರಕ್ಕಿಂತ ಗಾಳಿ. ಅದರಲ್ಲೂ ಪಕ್ಕದಲ್ಲೇ ಮಿಶಿಗನ್ ಸರೋವರ ಇರುವ ಊರು ಇದು. ಖಾನ್ ಮಾಡಿದ್ದು ಇಷ್ಟು: 75 ಅಡಿ ಅಗಲದ ಒಂಬತ್ತು ಚೌಕದ ಕೊಳವೆಗಳನ್ನು, ಅಂದರೆ ಸುತ್ತ ಉಕ್ಕಿನ ಚೌಕಟ್ಟು ಇರುವ ಗೋಪುರಗಳನ್ನು, ಮೂರು ಮೂರರಂತೆ ಒತ್ತಾಗಿ ಕಟ್ಟಿದರು. ಒಂದಕ್ಕೊಂದು ಆಸರೆ. ಹೀಗೆ ಕಟ್ಟಿದ್ದರಿಂದ ಉಕ್ಕೂ ಉಳಿಯಿತು, ಒಳಗೆ ಕಂಬಗಳಿಲ್ಲದ ದೊಡ್ಡ ದೊಡ್ಡ ಮಹಡಿಗಳೂ ಸಿಕ್ಕವು.

ಯೂನಿಯನ್ ಸ್ಟೇಷನ್ನಿನಲ್ಲಿ ರೈಲು ಇಳಿದು ನದಿ ದಾಟಿ ಬರುವಾಗ ಈ ಕೊಳವೆಗಳು ಕಣ್ಣಿಗೇ ಕಾಣುತ್ತವೆ. 50ನೇ ಮಹಡಿಗೆ ಎರಡು ಮೂಲೆಯ ಕೊಳವೆಗಳು ಮುಗಿಯುತ್ತವೆ. 66ಕ್ಕೆ ಉಳಿದೆರಡು ಮೂಲೆ. 90ಕ್ಕೆ ಇನ್ನೂ ಮೂರು. ಕೊನೆಯ ಎರಡೇ ಕೊಳವೆ ತುದಿವರೆಗೆ ಹೋಗುತ್ತವೆ. ಮೋಡ ಕವಿದ ದಿನ ಆ ಎರಡು ಮಾಯವಾಗಿರುತ್ತವೆ, ಕಟ್ಟಡ 90ಕ್ಕೇ ಮುಗಿದಂತೆ ಕಾಣುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಸಾಕೆನಿಸಿಲ್ಲ.

ಈ ಕಟ್ಟಡ ಏಳುತ್ತಿದ್ದ ಹೊತ್ತಿನಲ್ಲೇ, 1971ರಲ್ಲಿ, ಬಾಂಗ್ಲಾ ಯುದ್ಧ. ಖಾನ್ ಶಿಕಾಗೊದಲ್ಲಿ ಇದ್ದುಕೊಂಡೇ ತಮ್ಮ ನಾಡಿನ ಜನರಿಗಾಗಿ ನೆರವು ಸೇರಿಸಿದರು. 1982ರಲ್ಲಿ ಜೆಡ್ಡಾದಲ್ಲಿ ತೀರಿಕೊಂಡಾಗ ಅವರಿಗೆ ಬರೀ 52 ವರ್ಷ. ಮಣ್ಣು ಮಾಡಿದ್ದು ಶಿಕಾಗೊದಲ್ಲೇ.

ಇನ್ನು ಬಾಡಿಗೆದಾರರ ಕಥೆ. ಸಿಯರ್ಸ್ ಹಾಕಿದ ಲೆಕ್ಕ ತಪ್ಪಿತು. ಕಂಪನಿ ಬೆಳೆಯಲಿಲ್ಲ. ವಾಲ್‌ಮಾರ್ಟ್, ಕೆಮಾರ್ಟ್ ಥರದವರು ಗಿರಾಕಿಗಳನ್ನು ಎಳೆದುಕೊಂಡರು. ಶುರುವಿನ ಎಷ್ಟೋ ವರ್ಷ ಅರ್ಧ ಕಟ್ಟಡ ಖಾಲಿ. 1992ರಿಂದ ಸಿಯರ್ಸ್ ತನ್ನ ಜನರನ್ನು ಹಾಫ್‌ಮನ್ ಎಸ್ಟೇಟ್ಸ್ ಅನ್ನುವ ಹೊರವಲಯದ ಊರಿಗೆ ಸಾಗಿಸಲು ಶುರುಮಾಡಿತು, 1995ರ ಹೊತ್ತಿಗೆ ಪೂರ್ತಿ ಖಾಲಿ ಮಾಡಿತು. 2018ರಲ್ಲಿ ದಿವಾಳಿ ಅರ್ಜಿ ಹಾಕಿತು. ಹಾಫ್‌ಮನ್ ಎಸ್ಟೇಟ್ಸಿನ ಆ ದೊಡ್ಡ ಕ್ಯಾಂಪಸ್ 2023ರಲ್ಲಿ ಒಂದು ಡೇಟಾ ಸೆಂಟರ್ ಕಂಪನಿಯ ಪಾಲಾಯಿತು.

ಆದರೆ ನೋಡಿ, ಸಿಯರ್ಸ್ ಹೋದ ಮೇಲೂ ಹೆಸರು ಉಳಿದಿತ್ತು. ಹೆಸರಿನ ಹಕ್ಕು 2003ರಲ್ಲಿ ಮುಗಿಯಿತು, ಆಮೇಲೂ ಉಳಿದಿತ್ತು. ಯಾಕೆಂದರೆ ಅಷ್ಟು ಹೊತ್ತಿಗೆ ಅದು ಅಂಗಡಿಯ ಹೆಸರಾಗಿ ಉಳಿದಿರಲಿಲ್ಲ, ಜನರ ಬಾಯಿಗೆ ಹತ್ತಿದ ಹೆಸರಾಗಿತ್ತು. 2009ರಲ್ಲಿ ಲಂಡನ್ನಿನ ವಿಲ್ಲಿಸ್ ಅನ್ನುವ ವಿಮೆ ದಲ್ಲಾಳಿ ಕಂಪನಿ ಬಂತು. ಬಾಡಿಗೆಗೆ ಹಿಡಿದದ್ದು 1 ಲಕ್ಷ 40 ಸಾವಿರ ಚದರಡಿ. ಇಡೀ ಕಟ್ಟಡದ ಲೆಕ್ಕದಲ್ಲಿ ನೂರಕ್ಕೆ ನಾಲ್ಕು ಪಾಲೂ ಇಲ್ಲ. ಅಷ್ಟಕ್ಕೇ ಇಡೀ ಕಟ್ಟಡದ ಹೆಸರು ಅವರದಾಯಿತು, ಅದೂ ಹೆಸರಿಗೆ ಅಂತ ಬೇರೆ ದುಡ್ಡು ಕೊಡದೆ. ಒಂದು ವಠಾರದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದವರು ಹೆಬ್ಬಾಗಿಲಿಗೆ ತಮ್ಮ ಹೆಸರಿನ ಬೋರ್ಡು ಹೊಡೆದಂತೆ ಇದು. ಊರಿನ ಜನಕ್ಕೆ ಸಿಟ್ಟು ಬಂತು, ಆನ್‌ಲೈನಿನಲ್ಲಿ ಸಹಿ ಸಂಗ್ರಹ ನಡೆಯಿತು. ಏನೂ ಆಗಲಿಲ್ಲ.

ಆಮೇಲೆ ಬಂದದ್ದು ಯುನೈಟೆಡ್ ಏರ್‌ಲೈನ್ಸ್. ಕೇಂದ್ರ ಕಚೇರಿಯನ್ನೇ ಇಲ್ಲಿಗೆ ತಂದರು. ಎಲ್ಲರಿಗಿಂತ ದೊಡ್ಡ ಬಾಡಿಗೆದಾರರು ಅವರು, ಸಾವಿರಾರು ಜನ ದಿನಾ ಬಂದು ಹೋಗುತ್ತಾರೆ. ಹೆಸರು ಅವರದಲ್ಲ. 2015ರಲ್ಲಿ ಬ್ಲ್ಯಾಕ್‌ಸ್ಟೋನ್ ಅನ್ನುವ ಹೂಡಿಕೆ ಕಂಪನಿ 130 ಕೋಟಿ ಡಾಲರಿಗೆ ಕಟ್ಟಡ ಕೊಂಡಿತು, ಹೆಸರು ಅವರದ್ದೂ ಅಲ್ಲ. ಇತ್ತ ವಿಲ್ಲಿಸ್ 2016ರಲ್ಲಿ ಇನ್ನೊಂದು ಕಂಪನಿಯ ಜೊತೆ ಸೇರಿ ವಿಲ್ಲಿಸ್ ಟವರ್ಸ್ ವಾಟ್ಸನ್ ಆಯಿತು. 2022ರಿಂದ ತನ್ನನ್ನು ಡಬ್ಲ್ಯೂಟಿಡಬ್ಲ್ಯೂ ಅಂತ ಕರೆದುಕೊಳ್ಳುತ್ತಿದೆ. ಕಂಪನಿಯೇ ತನ್ನ ಬೋರ್ಡಿನಿಂದ ಬಿಟ್ಟ ಹೆಸರನ್ನು ಶಿಕಾಗೊ ಹೊತ್ತುಕೊಂಡು ನಿಂತಿದೆ. ಇದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ಇದೊಂದೇ ಕಟ್ಟಡದ ಪಾಡಲ್ಲ. ಸರೋವರದ ಕಡೆ ನಡೆದರೆ ಬಿಳಿ ಬಣ್ಣದ ಏಯಾನ್ ಸೆಂಟರ್ ಇದೆ. ಕಟ್ಟಿದಾಗ ಸ್ಟ್ಯಾಂಡರ್ಡ್ ಆಯಿಲ್ ಬಿಲ್ಡಿಂಗ್. 1985ರಲ್ಲಿ ಅಮೊಕೊ. 1999ರಲ್ಲಿ ಏಯಾನ್. ಇದಕ್ಕೆ ಮೊದಲು ಹೊದಿಸಿದ್ದು ಇಟಲಿಯ ಕರಾರಾ ಅಮೃತಶಿಲೆ. ತೆಳ್ಳಗೆ ಕೊಯ್ದ ಚಪ್ಪಡಿಗಳು ಶಿಕಾಗೊದ ಚಳಿ ಬಿಸಿಲಿಗೆ ಸೊಟ್ಟಗಾದವು. ಕೊನೆಗೆ ಅಷ್ಟನ್ನೂ ಕಿತ್ತು 1990ರ ದಶಕದ ಶುರುವಿನಲ್ಲಿ ಗ್ರಾನೈಟ್ ಹಾಕಿದರು. ಹೆಸರಿನ ಜೊತೆ ಮೈಮೇಲಿನ ಕಲ್ಲೂ ಬದಲಾದ ಕಟ್ಟಡ ಅದು. ಏಯಾನ್ ಕೂಡ ವಿಮೆಯ ಕಂಪನಿಯೇ. 2020ರಲ್ಲಿ ಅದು ವಿಲ್ಲಿಸನ್ನೇ ಕೊಂಡುಕೊಳ್ಳಲು ಹೊರಟಿತ್ತು. ಅಮೆರಿಕದ ನ್ಯಾಯ ಇಲಾಖೆ ಕೋರ್ಟಿಗೆ ಹೋಯಿತು, 2021ರಲ್ಲಿ ವ್ಯವಹಾರ ಬಿದ್ದುಹೋಯಿತು. ಅದೇನಾದರೂ ನಡೆದಿದ್ದರೆ ಊರಿನ ಎರಡು ಎತ್ತರದ ಕಟ್ಟಡಗಳ ಹೆಸರು ಒಂದೇ ಕಂಪನಿಯ ಮುಷ್ಟಿಯಲ್ಲಿ ಇರುತ್ತಿತ್ತು. ಊರನ್ನು ಯಾರೂ ಒಂದು ಮಾತು ಕೇಳುತ್ತಿರಲಿಲ್ಲ.

ಜಾನ್ ಹ್ಯಾಂಕಾಕ್ ಸೆಂಟರ್ ಕೂಡ ಗ್ರಹಾಂ ಮತ್ತು ಖಾನ್ ಕಟ್ಟಿದ್ದೇ. ನಾಲ್ಕೂ ಮುಖದಲ್ಲಿ ಎಕ್ಸ್ ಆಕಾರದ ದೊಡ್ಡ ದೊಡ್ಡ ಪಟ್ಟಿಗಳಿವೆಯಲ್ಲ, ಆ 100 ಮಹಡಿಯ ಕಟ್ಟಡ. 2018ರಲ್ಲಿ ಜಾನ್ ಹ್ಯಾಂಕಾಕ್ ಅನ್ನುವ ವಿಮೆ ಕಂಪನಿಯೇ ನಮ್ಮ ಹೆಸರು ತೆಗೆಯಿರಿ ಅಂದಿತು. ಈಗ ಅಧಿಕೃತವಾಗಿ ಅದಕ್ಕೆ ಹೆಸರೇ ಇಲ್ಲ, 875 ನಾರ್ತ್ ಮಿಶಿಗನ್ ಅವೆನ್ಯೂ ಅನ್ನುವ ವಿಳಾಸ ಅಷ್ಟೇ. ಜನ ಮಾತ್ರ ಹ್ಯಾಂಕಾಕ್ ಅಂತಲೇ ಅನ್ನುತ್ತಾರೆ.

ಮಾಲೀಕರ ಪರವಾಗಿ ಮಾತಾಡುವವರ ವಾದವೂ ಇದೆ. 2009 ಅಂದರೆ ಆರ್ಥಿಕ ಹಿಂಜರಿತದ ಕಾಲ. ಮಹಡಿಗಳು ಖಾಲಿ ಬಿದ್ದಿದ್ದವು, ಸಾಲ ಇತ್ತು, ಒಳ್ಳೆ ಬಾಡಿಗೆದಾರರನ್ನು ಕರೆತರಬೇಕಿತ್ತು. ಒಪ್ಪುತ್ತೇನೆ. ಬಾಡಿಗೆಯಲ್ಲಿ ಸೋಡಿ ಕೊಡಲಿ. ಲಾಬಿಯಲ್ಲಿ ದೊಡ್ಡ ಫಲಕ ಹಾಕಲಿ. ಲಾಬಿ ಅವರದ್ದೇ. ಅಲ್ಲಿದ್ದ ಅಲೆಕ್ಸಾಂಡರ್ ಕಾಲ್ಡರ್ ಅವರ ಚಲಿಸುವ ಶಿಲ್ಪವನ್ನು, 1974ರಿಂದ ಇದ್ದದ್ದನ್ನು, 2017ರಲ್ಲಿ ತೆಗೆದರು. ಅದಕ್ಕೂ ನನಗೆ ಬೇಜಾರಿದೆ, ಆದರೆ ಅದು ಕಟ್ಟಡದ ಒಳಗಿನ ಮಾತು. ಹೆಸರು ಹಾಗಲ್ಲ. ಬಸ್ಸಿನವರು, ಟ್ಯಾಕ್ಸಿಯವರು, ದಾರಿ ಹೇಳುವವರು, ಭೂಪಟ ಬರೆಯುವವರು, ಶಾಲೆ ಪುಸ್ತಕ, ಇವೆಲ್ಲದರಲ್ಲಿ ಇರುವುದು ಆ ಹೆಸರು. ಅದನ್ನು ಬಳಸಿ ಬಳಸಿ ಬೆಲೆ ತಂದುಕೊಟ್ಟವರು ಊರಿನ ಜನ. ಆ ಬೆಲೆಯನ್ನು ಮಾಲೀಕರು ಬಾಡಿಗೆಯ ಜೊತೆ ಬಿಟ್ಟಿ ಕೊಟ್ಟುಬಿಟ್ಟರು.

ಬೆಂಗಳೂರಿನ ಗೆಳೆಯರೇ, ಇದು ನಿಮ್ಮ ಮನೆಬಾಗಿಲಿಗೂ ಬಂದಿದೆ. 2025ರ ಆಗಸ್ಟಿನಲ್ಲಿ ಶುರುವಾದ ಮೆಟ್ರೊ ಹಳದಿ ಮಾರ್ಗದಲ್ಲಿ ಇನ್ಫೋಸಿಸ್ ಫೌಂಡೇಷನ್ ಕೋನಪ್ಪನ ಅಗ್ರಹಾರ, ಬಯೋಕಾನ್ ಹೆಬ್ಬಗೋಡಿ, ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ ಅನ್ನುವ ನಿಲ್ದಾಣಗಳಿವೆ. ಆ ಕಂಪನಿಗಳು ಹಣ ಕೊಟ್ಟಿವೆ, ಅದು ಒಳ್ಳೆಯದೇ. ಸುಮ್ನೆ ಬಾಡಿಗೆಗೆ ಬಂದು ಹೆಸರು ಹೊಡೆದುಕೊಂಡವರ ಸಾಲಿಗೆ ಅವರನ್ನು ಸೇರಿಸುವುದಿಲ್ಲ. ಹಳೇ ಊರಿನ ಹೆಸರು ಉಳಿದಿದೆ ಅನ್ನುವುದೂ ಸಮಾಧಾನ. ಆದರೂ ಊರಿನ ಹೆಸರು ಮುಂದೆ, ದೊಡ್ಡದಾಗಿ ಇರಬೇಕಿತ್ತು. ಕಂಪನಿಯ ಹೆಸರು ಕೆಳಗೆ, ಸಣ್ಣದಾಗಿ. ಇಂದಿನ ಕಂಪನಿ ನಾಳೆ ಇನ್ನೊಂದರ ಜೊತೆ ಸೇರಬಹುದು, ಹೆಸರು ಬದಲಿಸಬಹುದು. ಹೆಬ್ಬಗೋಡಿ ಎಲ್ಲಿಗೂ ಹೋಗುವುದಿಲ್ಲ. ನಮ್ಮಲ್ಲೇ ಮೆಜೆಸ್ಟಿಕ್ ಅನ್ನುವ ಹೆಸರು ನೋಡಿ. ಆ ಚಿತ್ರಮಂದಿರ ಹೋಗಿ ಎಷ್ಟು ಕಾಲ ಆಯಿತು! ಅದೂ ಖಾಸಗಿಯವರ ಹೆಸರೇ. ಆದರೆ ಯಾರೂ ಒಪ್ಪಂದ ಮಾಡಿಕೊಂಡು ಹೇರಲಿಲ್ಲ. ಜನ ತಾವಾಗಿ ಎತ್ತಿಕೊಂಡರು, ಕಂಡಕ್ಟರುಗಳು ಕೂಗಿದರು, ಉಳಿಯಿತು. ಸಿಯರ್ಸ್ ಟವರ್ ಉಳಿದದ್ದೂ ಹಾಗೇ ಅಲ್ವಾ?

ನನ್ನ ಕೇಳಿಕೆ ದೊಡ್ಡದೇನಲ್ಲ. ಊರಿನ ರಸ್ತೆ, ಊರಿನ ತೆರಿಗೆ ಹಣ, ಊರಿನ ರಿಯಾಯಿತಿ ಪಡೆದು ಎದ್ದ ಕಟ್ಟಡದ ಹೆಸರು ಬದಲಿಸುವ ಮೊದಲು ನಗರಸಭೆಯಲ್ಲಿ ಚರ್ಚೆ ಆಗಲಿ, ಜನರ ಅಭಿಪ್ರಾಯ ಕೇಳಲಿ. ಶಿಕಾಗೊಗೂ ಅದೇ, ಬೆಂಗಳೂರಿಗೂ ಅದೇ.

ಇಲ್ಲಿಗೆ ಬರುವವರು 103ನೇ ಮಹಡಿಯ ಗಾಜಿನ ಪೆಟ್ಟಿಗೆಯಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಿ, ಚೆನ್ನಾಗಿರುತ್ತದೆ. ಹಾಗೇ ಜಾಕ್ಸನ್ ಮತ್ತು ಫ್ರಾಂಕ್ಲಿನ್ ರಸ್ತೆ ಕೂಡುವ ಮೂಲೆಗೂ ಹೋಗಿ, ಕಟ್ಟಡದ ಮಗ್ಗುಲಲ್ಲೇ ಇದೆ. ಅಲ್ಲಿನ ಕಂಬದ ಮೇಲೆ ಫಜ್ಲುರ್ ಆರ್. ಖಾನ್ ವೇ ಅಂತ ಬೋರ್ಡಿದೆ. 1998ರಲ್ಲಿ ನಗರಾಡಳಿತ ಇಟ್ಟ ಹೆಸರು ಅದು. ಮಕ್ಕಳು ಜೊತೆಗಿದ್ದರೆ ಅವರಿಗೆ ಅದನ್ನು ತೋರಿಸಿ, ಢಾಕಾದಿಂದ ಬಂದ ಇಂಜಿನಿಯರ್ ಯಾರು, ಒಂಬತ್ತು ಕೊಳವೆ ಎಲ್ಲೆಲ್ಲಿ ನಿಲ್ಲುತ್ತವೆ ಅಂತ ಹೇಳಿ. ಬೇಕಾದರೆ ನಾನೇ ಬಂದು ಹೇಳುತ್ತೇನೆ, ಮೆಸೇಜ್ ಮಾಡಿ.