ಗೀರು ಹೋಯಿತು, ಕಾರು ಎರಡಾಯಿತು

ಬೆಂಗಳೂರಿನಲ್ಲಿ ಗೀರಿಲ್ಲದ ಕಾರು ನೋಡಬೇಕೆಂದರೆ ಶೋರೂಮಿಗೇ ಹೋಗಬೇಕು. ಸಿಗ್ನಲ್ಲಿನಲ್ಲಿ ಎರಡು ಕಾರುಗಳ ಸಂದಿಯಲ್ಲಿ ತೂರುವ ಸ್ಕೂಟರಿನ ಬ್ರೇಕ್ ಲಿವರು, ಬೇಸ್‌ಮೆಂಟಿನ ಕಂಬ, ಆಯುಧಪೂಜೆಗೆ ಬಾಳೆಕಂದು ಕಟ್ಟಿದ ತಂತಿ, ಎಲ್ಲರದ್ದೂ ಒಂದೊಂದು ರುಜು ಇದ್ದೇ ಇರುತ್ತದೆ. ಅದರಲ್ಲೂ ನಮ್ಮದು ಕಪ್ಪು ಕಾರು. ಬಿಳಿ ಕಾರಿನವರಿಗೆ ಗೀರು ಕಾಣಿಸುವುದಿಲ್ಲ, ಕಪ್ಪಿನವರಿಗೆ ಗೀರು ಬಿಟ್ಟು ಬೇರೇನೂ ಕಾಣಿಸುವುದಿಲ್ಲ.

ಹಿಂದಿನ ಬಾಗಿಲಿಗೆ ಗೇಣುದ್ದದ ಗೀರು ಬಿದ್ದಾಗ ಗ್ಯಾರೇಜಿನವರು ಒಂದು ಸಲ ‘ಸ್ಸ್’ ಅಂದು, ಇಡೀ ಬಾಗಿಲಿಗೇ ಪೇಂಟ್ ಆಗಬೇಕು ಸಾರ್ ಅಂದರು. ಆ ‘ಸ್ಸ್’ಗೂ ಬಿಲ್ಲಿನಲ್ಲಿ ಚಾರ್ಜ್ ಇರುತ್ತದೆ ಅನ್ನುವುದು ನನ್ನ ಅನುಮಾನ. ಸರಿ, ಭಾನುವಾರ ಬೆಳಿಗ್ಗೆ ಬಕೆಟ್ ಹಿಡಿದು ಕೆಳಗಿಳಿದೆ. ಬಕೆಟ್ಟೇ, ಪೈಪಲ್ಲ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದಾಗಿನಿಂದ, ಪೈಪ್ ಕಂಡರೆ ಸಾಕು, ನಮ್ಮ ಅಸೋಸಿಯೇಷನ್ ಕಾರ್ಯದರ್ಶಿಗಳು ಮೊಬೈಲ್ ತೆಗೆಯುತ್ತಾರೆ.

ಬಕೆಟ್ ಕಂಡರೆ ಸಲಹೆಗಾರರು ಬರುತ್ತಾರೆ. ಟೂತ್‌ಪೇಸ್ಟ್ ಹಚ್ಚಿ ಅಂದರು ಒಬ್ಬರು. ಅದು ಪೂರ್ತಿ ಸುಳ್ಳಲ್ಲ, ಪೇಸ್ಟಿನಲ್ಲಿ ಉಜ್ಜುವ ಸಣ್ಣ ಪುಡಿ ಇರುತ್ತದೆ, ತೀರಾ ತೆಳು ಗೀರಿಗೆ ಅಷ್ಟಿಷ್ಟು ನಡೆಯುತ್ತದೆ. ಕೊಬ್ಬರಿ ಎಣ್ಣೆ ಅಂದರು ಇನ್ನೊಬ್ಬರು. ಎಣ್ಣೆ ಹಚ್ಚಿದರೆ ಗೀರು ಮಾಯವಾಗುತ್ತದೆ ನಿಜ, ಮುಂದಿನ ಸಲ ತೊಳೆಯುವವರೆಗೆ. ಸೆಕ್ಯೂರಿಟಿಯವನು ಮಾತ್ರ, ‘ಒಂದು ಸ್ಟಿಕ್ಕರ್ ಅಂಟಿಸಿಬಿಡಿ ಸಾರ್’ ಅಂದ. ಅವನೊಬ್ಬನೇ ಬುದ್ಧಿವಂತ.

ಗೀರಿನ ಮೇಲೆ ಉಗುರು ಆಡಿಸಿ ನೋಡಬೇಕು. ಸಿಕ್ಕಿಕೊಂಡರೆ ಆಳ, ಗ್ಯಾರೇಜೇ ಗತಿ. ಜಾರಿದರೆ ಗೀರು ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್‌ನಲ್ಲೇ ಇದೆ, ಕಾಂಪೌಂಡು ಅನ್ನುವ ಉಜ್ಜುವ ಪೇಸ್ಟಿಗೆ ಬಗ್ಗುತ್ತದೆ. ಇದನ್ನು ನಾನು ವಿವರಿಸುತ್ತಿದ್ದಾಗಲೇ ಮೊದಲ ಮಹಡಿಯ ಅಂಕಲ್, ‘ಹೌದಾ, ನೋಡೋಣ’ ಅಂತ ಕೈಯಲ್ಲಿದ್ದ ಮನೆ ಕೀ ಆಡಿಸಿದರು. ‘ಉಗುರು ನಿನ್ನೆ ತಾನೇ ಕತ್ತರಿಸಿದೆ ಕಣಯ್ಯಾ’ ಅಂತ ಸಮಜಾಯಿಷಿ ಬೇರೆ. ಹಳೆ ಗೀರಿಗೆ ಒಬ್ಬ ತಮ್ಮ ಹುಟ್ಟಿದ. ಪುಣ್ಯಕ್ಕೆ ಅವನೂ ತೆಳ್ಳಗೇ ಇದ್ದ.

ಕ್ಲಿಯರ್ ಕೋಟ್ ಅನ್ನುವುದು ಸಾಮಾನ್ಯವಾಗಿ 40-50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಕಾಂಪೌಂಡು ಗೀರನ್ನು ತುಂಬುವುದಿಲ್ಲ, ಸುತ್ತಲಿನ ಕೋಟನ್ನೇ ಸವೆಸಿ ಗೀರಿನ ತಳಕ್ಕೆ ಇಳಿಸುತ್ತದೆ. ತಗ್ಗಿನಲ್ಲಿರುವ ಒಂದು ಮನೆಗೋಸ್ಕರ ಇಡೀ ಬೀದಿಯನ್ನೇ ಕೆತ್ತಿ ಇಳಿಸಿದ ಹಾಗೆ. ಅದಕ್ಕೇ ಹುಮ್ಮಸ್ಸು ಬಂದಾಗಲೆಲ್ಲ ಉಜ್ಜಬಾರದು. ಮೊದಲು ಧೂಳು ಹೋಗುವಂತೆ ತೊಳೆಯಬೇಕು, ಇಲ್ಲದಿದ್ದರೆ ನಾವು ಉಜ್ಜುವುದು ಮರಳನ್ನೇ. ಬಿಸಿಲು ಬೇಡ, ಮೈಕ್ರೋಫೈಬರ್ ಬಟ್ಟೆ ಬೇಕು. ‘ಇಷ್ಟು ವರ್ಷ ನಿಮ್ಮ ಹಳೇ ಬನಿಯನ್ನೇ ಸಾಕಾಗಿತ್ತಲ್ಲ’ ಅಂದಳು ಹೆಂಡತಿ, ಬಟ್ಟೆಯ ಬೆಲೆ ಕೇಳಿ. ಕಾಂಪೌಂಡು ಮೆತ್ತಿದರೆ ಕಪ್ಪು ರಬ್ಬರ್ ಬೆಳ್ಳಗಾಗುತ್ತದೆ, ಅದಕ್ಕೆ ಟೇಪ್ ಅಂಟಿಸು ಅಂತ ಮಗನಿಗೆ ಹೇಳಿದ್ದೆ. ಅವನು ಮುಕ್ಕಾಲು ರೋಲನ್ನು ಕ್ರಿಕೆಟ್ ಬ್ಯಾಟಿಗೆ ಸುತ್ತಿದ್ದ.

ಗೀರುಗಳು ಹೋದವು. ಅಸಲು ಗೋಳು ಶುರುವಾಗಿದ್ದು ಆಮೇಲೆ. ಉಜ್ಜಿದ ಅಂಗೈಯಗಲ ಜಾಗ ಹೊಳೆಯುತ್ತಿತ್ತು, ಉಳಿದ ಬಾಗಿಲು ಮಂಕು. ಅದಕ್ಕಾಗಿ ಇಡೀ ಬಾಗಿಲು ಉಜ್ಜಿದೆ. ಆಗ ಮುಂದಿನ ಬಾಗಿಲು ಮಂಕಾಯಿತು, ಅದನ್ನು ಮುಗಿಸಿದರೆ ಚಕ್ರದ ಮೇಲಿನ ಭಾಗ. ಕತ್ತಲಾಗುವ ಹೊತ್ತಿಗೆ ಒಂದು ಮಗ್ಗುಲು ಮುಗಿದಿತ್ತು, ನನ್ನ ಭುಜವೂ ಮುಗಿದಿತ್ತು. ‘ಈ ಕಡೆಯಿಂದ ನೋಡಿದರೆ ನಮ್ಮ ಕಾರು, ಆ ಕಡೆಯಿಂದ ಸೆಕೆಂಡ್ ಹ್ಯಾಂಡು’ ಅಂದಳು ಹೆಂಡತಿ. ಮದುವೆಗೆ ಹೋದರೂ ಈಗ ಚೌಲ್ಟ್ರಿ ಬಾಗಿಲಿಗೆ ಎಡಗಡೆ ಕಾಣುವಂತೆಯೇ ನಿಲ್ಲಿಸುತ್ತೇವೆ.

ಸೋಮವಾರ ಬೆಳಗಿನ ಜಾವ ಕಾರು ಒರೆಸುವ ಹುಡುಗ ಬಂದ. ಸಾಲು ಸಾಲು ಕಾರಿಗೆ ಒಂದೇ ಒಣಬಟ್ಟೆ, ಎಲ್ಲ ಕಾರುಗಳ ಧೂಳೂ ಅದರಲ್ಲೇ. ಬಿಸಿಲಿಗೆ ಬಾನೆಟ್ ಮೇಲೆ ಬಲೆಬಲೆಯಾಗಿ ಕಾಣುವ ಸುತ್ತುಗೀರುಗಳು ಹೆಚ್ಚಾಗಿ ಇಂಥ ಬಟ್ಟೆಯವೇ. ‘ಗಾಡಿ ಹೆಂಗೆ ಹೊಳೀತಿದೆ ನೋಡಿ ಸಾರ್, ಜಾಸ್ತಿ ಉಜ್ಜಿದೀನಿ, ಹಬ್ಬದ ಇನಾಮು ಈಗಲೇ ಕೊಡಿ’ ಅಂದ. ಕೊಟ್ಟೆ. ಬಟ್ಟೆ ಕಿತ್ತುಕೊಂಡೆ.