ಲೆಬನಾನ್ ಸಂಸತ್ತಿನ 43 ಖಾಲಿ ಕುರ್ಚಿಗಳು

ಲೆಬನಾನ್ ಸುದ್ದಿ ಬಂದಾಗಲೆಲ್ಲ ಚಾನೆಲ್ ಚರ್ಚೆಗಳಲ್ಲಿ ಅದೇ ರಾಗ: "ಅದು ಇರಾನ್ ಕುಣಿಸಿದಂತೆ ಕುಣಿಯುವ ದೇಶ." ಇವತ್ತೂ ಕೇಳಿದೆ, ಮೈ ಉರಿಯಿತು. ಹೊರಗಿನವರ ಕೈವಾಡ ಇಲ್ಲ ಅಂತಲ್ಲ. ಸಿರಿಯಾ ಸೈನ್ಯ 1976ರಿಂದ 2005ರವರೆಗೆ ಅಲ್ಲೇ ಠಿಕಾಣಿ ಹೂಡಿತ್ತು. 2017ರಲ್ಲಿ ಪ್ರಧಾನಿ ಸಾದ್ ಹರೀರಿ ರಾಜೀನಾಮೆ ಘೋಷಿಸಿದ್ದೇ ಸೌದಿಯ ರಿಯಾದ್‌ನಲ್ಲಿ ಕೂತು. ಆದರೆ ಇವರಿಗೆಲ್ಲ ಕೈ ಹಾಕಲು ಜಾಗ ಬಿಟ್ಟವರು ಯಾರು?

ಅಧ್ಯಕ್ಷರ ಆಯ್ಕೆಯನ್ನೇ ನೋಡಿ. ಅವರನ್ನು ಆರಿಸುವುದು ಸಂಸತ್ತು, ಅಲ್ಲಿ 128 ಸ್ಥಾನ. ಸಂವಿಧಾನದ 49ನೇ ವಿಧಿ ಪ್ರಕಾರ ಮೊದಲ ಸುತ್ತಲ್ಲಿ ಗೆಲ್ಲಲು 86 ಮತ ಬೇಕು, ಮುಂದಿನ ಸುತ್ತುಗಳಲ್ಲಿ 65 ಸಾಕು. ಆದರೆ ರೂಢಿಯಲ್ಲಿ ಪ್ರತಿ ಸುತ್ತಿಗೂ ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, 86 ಎಂದೇ ಹಿಡಿಯುತ್ತಾರೆ. ಅಂದರೆ 43 ಜನ ಎದ್ದು ಹೋದರೆ ಸಾಕು, ಕಲಾಪ ಮುಗಿಯಿತು. 2023ರ ಜೂನ್ 14ರಂದು ಆದದ್ದೂ ಇದೇ: ಅಭ್ಯರ್ಥಿಗಳಾದ ಜಿಹಾದ್ ಅಜೂರ್‌ಗೆ 59, ಸುಲೈಮಾನ್ ಫ್ರಾಂಜಿಯೆಗೆ 51 ಮತ, ಎರಡನೇ ಸುತ್ತಿಗೆ ಮೊದಲೇ ಕೋರಂ ಇಲ್ಲ. ಅಧ್ಯಕ್ಷರ ಕುರ್ಚಿ 2022ರ ಅಕ್ಟೋಬರ್ ಕೊನೆಯಿಂದ 2025ರ ಜನವರಿ 9ರವರೆಗೆ ಖಾಲಿ. ಆ ಖಾಲಿ ಕಾಲದಲ್ಲೇ ಅಮೆರಿಕ, ಫ್ರಾನ್ಸ್, ಸೌದಿ, ಕತಾರ್, ಈಜಿಪ್ಟ್ ರಾಯಭಾರಿಗಳು ಪಂಚಾಯ್ತಿ ಮಾಡಲು ಬಂದರು. ಒಳಗಿನವರು ಕೂತು ಮತ ಹಾಕಿದ್ದರೆ ಇವರಿಗೇನು ಕೆಲಸ? ಕೊನೆಗೆ ಆಗ ಸೇನಾ ಮುಖ್ಯಸ್ಥರಾಗಿದ್ದ ಜೋಸೆಫ್ ಔನ್‌ಗೆ ಮೊದಲ ಸುತ್ತಲ್ಲಿ 71 ಬಿತ್ತು. ಕಲಾಪ ನಿಲ್ಲಿಸಿ, ಮಾತುಕತೆ ನಡೆಸಿ ಮತ್ತೆ ಸೇರಿದಾಗ 99!

ಈ ಕೋರಂ ಇರುವುದೇ ಯಾವ ಸಮುದಾಯವನ್ನೂ ತುಳಿಯಬಾರದು ಅಂತ, ಎನ್ನುತ್ತಾರೆ. ಒಪ್ಪಲಾರೆ. ಅಧ್ಯಕ್ಷ ಮರೋನೈಟ್ ಕ್ರೈಸ್ತ, ಪ್ರಧಾನಿ ಸುನ್ನಿ, ಸ್ಪೀಕರ್ ಶಿಯಾ ಎಂಬ ಅಲಿಖಿತ ಒಪ್ಪಂದ 1943ರಿಂದಲೇ ಇದೆ. ಸ್ಥಾನಗಳನ್ನೂ ಕ್ರೈಸ್ತರಿಗೆ ಅರ್ಧ, ಮುಸ್ಲಿಮರಿಗೆ ಅರ್ಧ ಹಂಚಿಯಾಗಿದೆ. ಇಷ್ಟರ ಮೇಲೂ ಎದ್ದುಹೋಗುವ ಹಕ್ಕು ಬೇಕಾಗಿರುವುದು ಸಮುದಾಯಕ್ಕಲ್ಲ, ನಾಯಕರಿಗೆ.

ಅಲ್ಲಿ ಬಾಯಿಬಿಟ್ಟು ಹೇಳಬಾರದ ಮಾತು ವಿದೇಶಿ ಕೈವಾಡವಲ್ಲ. ಅದನ್ನು ಎಲ್ಲ ಪಕ್ಷದವರೂ ಎದುರಾಳಿಯ ಮೇಲೆ ದಿನಾ ಹೊರಿಸುತ್ತಾರೆ. ಮುಟ್ಟಬಾರದ್ದು ಜನಗಣತಿ. ಕೊನೆಯ ಅಧಿಕೃತ ಗಣತಿ ನಡೆದದ್ದು 1932ರಲ್ಲಿ, ಫ್ರೆಂಚರ ಆಡಳಿತದಲ್ಲಿ! ಇವತ್ತು ಎಣಿಸಿದರೆ ಯಾರ ಪಾಲು ಎಷ್ಟು ಎಂಬ ಪ್ರಶ್ನೆ ಏಳುತ್ತದೆ, ಪಾಲು ಹಂಚಿಕೊಂಡವರಿಗೆಲ್ಲ ಅದೇ ಭಯ. ಹೊರಗಿನವರನ್ನು ಬೈಯುವುದು ಸುಲಭ, ಯಾರ ಕುರ್ಚಿಯೂ ಅಲುಗುವುದಿಲ್ಲ.

ಪಂಥದ ಲೆಕ್ಕದ ರಾಜಕೀಯವನ್ನು ಹಂತಹಂತವಾಗಿ ತೆಗೆಯಲು ರಾಷ್ಟ್ರೀಯ ಸಮಿತಿ ರಚಿಸಬೇಕೆಂದು 1990ರ ತಿದ್ದುಪಡಿ ನಂತರ ಸಂವಿಧಾನದ 95ನೇ ವಿಧಿಯೇ ಹೇಳುತ್ತದೆ. ಸಿರಿಯಾ ಸೈನ್ಯ ಹೊರಟುಹೋಗಿಯೇ ಇಪ್ಪತ್ತು ವರ್ಷವಾಯಿತು. ಆ ಸಮಿತಿ ಎಲ್ಲಿ?